ಕಾಯಿಲೆ ಇಳಿದ ಮೇಲೂ ಉಳಿಯುವ ಮರೆವು

ಬೈಯಪ್ಪನಹಳ್ಳಿಗೆ ಹೋಗಬೇಕು ಎಂದರೆ ಈಗ ಯಾವ ಬೈಯಪ್ಪನಹಳ್ಳಿ ಎಂದು ಕೇಳಬೇಕಾಗುತ್ತದೆ. ಹಳೆಯ ರೈಲು ನಿಲ್ದಾಣ ಒಂದಿದೆ. ಅದಕ್ಕೆ ಹೊಂದಿಕೊಂಡೇ ಮೆಟ್ರೊ ನಿಲ್ದಾಣವಿದೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊದಲ ಸಲ ಓಡಿದ್ದು ಇಲ್ಲಿಂದ ಎಂ.ಜಿ. ರಸ್ತೆಗೆ. ಇನ್ನೊಂದು, 2022ರ ಜೂನ್‌ನಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಅದನ್ನೂ ಜನ ಬೈಯಪ್ಪನಹಳ್ಳಿ ಟರ್ಮಿನಲ್ ಎಂದೇ ಕರೆಯುತ್ತಾರೆ, ಆದರೆ ಮೆಟ್ರೊ ಇಳಿದವರು ಲಗೇಜು ಹೊತ್ತು ನಡೆದು ಹೋಗುವಷ್ಟು ಹತ್ತಿರದಲ್ಲಿ ಅದಿಲ್ಲ. ಊರಿಗೆ ಹೊರಟವರು ಟಿಕೆಟ್ಟಿನಲ್ಲಿರುವುದು ಯಾವ ನಿಲ್ದಾಣ ಎಂದು ಗಮನಿಸಬೇಕು. ಮನೆ ಬಿಡಬೇಕಾದ ಹೊತ್ತನ್ನು ರೈಲಿನ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಬಸ್ಸು ಬರದಿದ್ದರೆ ನಿಂತಲ್ಲೇ ಇನ್ನೊಂದು ದಾರಿ ಯೋಚಿಸಬೇಕು. ಇಷ್ಟರ ನಡುವೆ, ರಾತ್ರಿ ಮಾತ್ರೆ ಚೀಲಕ್ಕೆ ಹಾಕಿಕೊಂಡೆನೇ ಎಂಬುದೂ ನೆನಪಿರಬೇಕು.

ಗಮನ, ಯೋಜನೆ, ಸನ್ನಿವೇಶ ಬದಲಾದಾಗ ಯೋಚನೆಯನ್ನೂ ಬದಲಿಸಿಕೊಳ್ಳುವ ಶಕ್ತಿ, ಮುಂದೆ ಮಾಡಬೇಕಾದ್ದನ್ನು ಸರಿಯಾದ ಹೊತ್ತಿಗೆ ನೆನೆಯುವ ಶಕ್ತಿ: ಈ ಒಂದು ಪ್ರಯಾಣಕ್ಕೆ ನಾಲ್ಕೂ ಬೇಕು. ಬೈಪೋಲಾರ್ ಕಾಯಿಲೆ ಬಂದು ಹೋದವರಲ್ಲಿ ಅನೇಕರಿಗೆ ಕೈಕೊಡುವುದೂ ಇವೇ ನಾಲ್ಕು. ಉನ್ಮಾದ ಇಳಿದಿರುತ್ತದೆ, ಖಿನ್ನತೆ ಕಳೆದಿರುತ್ತದೆ, ನಿದ್ದೆ ಊಟ ಸರಿಯಾಗಿರುತ್ತವೆ. 'ಈಗ ಆರಾಮಾಗಿದ್ದಾನೆ' ಎಂದು ಮನೆಯವರು ನೆಮ್ಮದಿಯಿಂದ ಹೇಳುತ್ತಿರುತ್ತಾರೆ. ಆದರೆ ಅವನಿಗೆ ದಿನಪತ್ರಿಕೆಯ ಒಂದು ಪುಟ ಓದಿ ಮುಗಿಸಲು ಆಗುತ್ತಿರುವುದಿಲ್ಲ. ಆಫೀಸಿನಲ್ಲಿ ಮೇಲಿನವರು ಒಟ್ಟಿಗೆ ಮೂರು ಕೆಲಸ ಹೇಳಿದರೆ ಮೊದಲನೆಯದು ನೆನಪಿರುತ್ತದೆ, ಉಳಿದೆರಡು ಇಲ್ಲ. 'ತಲೆ ಓಡ್ತಾ ಇಲ್ಲ' ಎಂದು ಅವನು ಹೇಳಿಕೊಳ್ಳುತ್ತಾನೆ. ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ, ಇಲ್ಲವೇ ಮಾತ್ರೆಯ ಮಂಪರು ಎಂದು. ವೈದ್ಯರ ಎದುರು ಐದು ನಿಮಿಷ ಸಿಕ್ಕಾಗ ಮಾತು ನಿದ್ದೆ, ಸಿಟ್ಟು, ಖರ್ಚುಗಳ ಸುತ್ತಲೇ ಮುಗಿಯುತ್ತದೆ. ಮರೆವಿನ ವಿಷಯ ಬಾಗಿಲಾಚೆಯೇ ಉಳಿಯುತ್ತದೆ.

ಈ ಕಾಯಿಲೆಯಲ್ಲಿ ಗುಣವಾಗುವುದೆಂದರೆ ಮನಸ್ಥಿತಿ ಸಮತೋಲನಕ್ಕೆ ಬರುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಆ ತಿಳಿವಳಿಕೆ ಅರೆಬರೆಯದು, ಅದರ ಬೆಲೆ ತೆರುತ್ತಿರುವವರು ಕೆಲಸ ಕಳೆದುಕೊಂಡವರು, ಓದು ನಿಲ್ಲಿಸಿದವರು ಎಂಬುದು ನನ್ನ ವಾದ. ಯೋಚನೆ ಮತ್ತು ನೆನಪಿನ ಆರೈಕೆ ಚಿಕಿತ್ಸೆಯ ಕೊನೆಗೆ ಸೇರಿಸುವ ಅಲಂಕಾರವಾಗಬಾರದು, ಅದು ಚಿಕಿತ್ಸೆಯ ಭಾಗವೇ ಆಗಬೇಕು. ಅದರ ಯಶಸ್ಸನ್ನು ಅಳೆಯಬೇಕಾದದ್ದೂ ಪರೀಕ್ಷೆಯ ಅಂಕದಿಂದಲ್ಲ, ಆ ವ್ಯಕ್ತಿ ತನ್ನ ದಿನವನ್ನು ತಾನೇ ನಡೆಸಿಕೊಂಡು ಹೋಗಬಲ್ಲನೇ ಎಂಬುದರಿಂದ.

ಅರೆಬರೆ ತಿಳಿವಳಿಕೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಜರ್ಮನಿಯ ಎಮಿಲ್ ಕ್ರೇಪಲಿನ್ 1899ರಲ್ಲಿ ತಮ್ಮ ಪಠ್ಯಪುಸ್ತಕದ ಆರನೆಯ ಆವೃತ್ತಿಯಲ್ಲಿ ತೀವ್ರ ಮನೋರೋಗಗಳನ್ನು ಎರಡಾಗಿ ವಿಂಗಡಿಸಿದರು. ಒಂದರಲ್ಲಿ ಬುದ್ಧಿಶಕ್ತಿ ಕ್ರಮೇಣ ಕುಂದುತ್ತದೆ. ಅದನ್ನು ಇಂದು ಸ್ಕಿಜೋಫ್ರೇನಿಯಾ ಎನ್ನುತ್ತೇವೆ. ಇನ್ನೊಂದರಲ್ಲಿ ಏರಿಳಿತಗಳ ನಡುವೆ ರೋಗಿ ಮೊದಲಿನಂತಾಗುತ್ತಾನೆ. ಅದೇ ಇಂದಿನ ಬೈಪೋಲಾರ್. ಆ ವಿಂಗಡಣೆಯಿಂದ ಉಪಕಾರವೇನೋ ಆಯಿತು. ಆದರೆ 'ನಡುವೆ ಪೂರ್ತಿ ಸರಿಯಾಗಿರುತ್ತಾರೆ' ಎಂಬ ನಂಬಿಕೆಯೂ ಅದರ ಜೊತೆ ಬೇರುಬಿಟ್ಟಿತು. ಕಳೆದ ಎರಡು ಮೂರು ದಶಕಗಳಲ್ಲಿ, ಮನಸ್ಥಿತಿ ಸಮವಾಗಿರುವಾಗಲೇ ಪರೀಕ್ಷಿಸಿ ನೋಡಿದ ಅಧ್ಯಯನಗಳು ಬೇರೆ ಚಿತ್ರ ಕೊಟ್ಟಿವೆ. ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನರಲ್ಲಿ ನೆನಪು, ಗಮನ, ಯೋಜನಾಶಕ್ತಿಗಳಲ್ಲಿ ಎದ್ದು ಕಾಣುವ ಕೊರತೆ ಉಳಿದಿರುತ್ತದೆ. ಉಳಿದವರಲ್ಲಿ ಏನೂ ಕಾಣದಿರುವುದೂ ಉಂಟು, ಕೆಲವರ ಬುದ್ಧಿ ಮೊದಲಿನಷ್ಟೇ ಚುರುಕಾಗಿರುತ್ತದೆ. ಆದ್ದರಿಂದ 'ಈ ಕಾಯಿಲೆ ಬಂದರೆ ಬುದ್ಧಿ ಹೋಗುತ್ತದೆ' ಎನ್ನುವುದು ಇನ್ನೊಂದು ತುದಿಯ ತಪ್ಪು, ಮೊದಲಿನದಕ್ಕಿಂತ ಕ್ರೂರವಾದ ತಪ್ಪು.

ಕೊರತೆ ಎಲ್ಲಿದೆ ಎಂಬುದನ್ನು ಒಂದು ಸರಳ ಪರೀಕ್ಷೆ ತೋರಿಸುತ್ತದೆ. ನಿಮ್ಹಾನ್ಸ್‌ನ ಶೋಭಿನಿ ರಾವ್, ಸುಬ್ಬಕೃಷ್ಣ ಮತ್ತು ಗೋಪುಕುಮಾರ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ ಅದೂ ಇದೆ. ಮನೋವಿಜ್ಞಾನಿ 15 ಪದಗಳನ್ನು ಒಂದೊಂದಾಗಿ ಓದುತ್ತಾರೆ. ಎದುರು ಕೂತವರು ನೆನಪಿದ್ದಷ್ಟನ್ನು ಯಾವ ಕ್ರಮದಲ್ಲಾದರೂ ಹೇಳಬೇಕು. ಅದೇ ಪಟ್ಟಿಯನ್ನು ಐದು ಸಲ ಓದುತ್ತಾರೆ, ಐದು ಸಲವೂ ಕೇಳುತ್ತಾರೆ. ನಡುವೆ ಬೇರೊಂದು ಪಟ್ಟಿ ಬರುತ್ತದೆ, ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಿಸುತ್ತಾರೆ, ಆಮೇಲೆ ಮೊದಲ ಪಟ್ಟಿಯನ್ನು ಮತ್ತೆ ಕೇಳುತ್ತಾರೆ. ಆರೋಗ್ಯವಂತರು ಎರಡನೆಯ, ಮೂರನೆಯ ಸಲಕ್ಕೆ ತಮಗರಿವಿಲ್ಲದೆಯೇ ಪದಗಳನ್ನು ಗುಂಪು ಮಾಡಿಕೊಳ್ಳುತ್ತಾರೆ: ದೇಹದ ಭಾಗಗಳೆಲ್ಲ ಒಂದು ಕಡೆ, ಪ್ರಾಣಿಗಳೆಲ್ಲ ಒಂದು ಕಡೆ. ಬೈಪೋಲಾರ್ ಇರುವ ಅನೇಕರಲ್ಲಿ ಈ ಗುಂಪುಗಾರಿಕೆ ಸಲೀಸಾಗಿ ಆಗುವುದಿಲ್ಲ, ಪದಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಹಾಗಾಗಿ ಕಲಿಕೆ ನಿಧಾನವಾಗುತ್ತದೆ. ಆದರೆ ಒಮ್ಮೆ ಗಟ್ಟಿಯಾಗಿ ಕಲಿತದ್ದನ್ನು ಇವರು ಅಷ್ಟು ಬೇಗ ಮರೆಯುವುದಿಲ್ಲ, ಒಂದು ಸುಳಿವು ಕೊಟ್ಟರೆ ಹಲವರಿಗೆ ಪದ ಹೊಳೆಯುತ್ತದೆ. ತೊಡಕಿನ ದೊಡ್ಡ ಪಾಲು ಇರುವುದು ಒಳಗೆ ತೆಗೆದುಕೊಳ್ಳುವ ಹಂತದಲ್ಲಿ. ಒಳಗೆ ತೆಗೆದುಕೊಳ್ಳುವ ಬಗೆಯನ್ನಾದರೆ ಕಲಿಸಬಹುದು, ಅಭ್ಯಾಸ ಮಾಡಿಸಬಹುದು. ಈ ಒಂದು ಅಂಶ ಮನೆಯವರಿಗೆ ಗೊತ್ತಾದರೂ ಸಾಕು, 'ಎಷ್ಟು ಸಲ ಹೇಳಬೇಕು ನಿನಗೆ' ಎಂಬ ಬೈಗುಳ ನಿಂತು, ಹೇಳುವುದನ್ನು ಎರಡು ಮೂರು ಗುಂಪು ಮಾಡಿ ಬರೆದು ಕೊಡುವ ರೂಢಿ ಬರುತ್ತದೆ.

ಆದರೆ ಅಭ್ಯಾಸಕ್ಕೆ ಮೊದಲು ನೋಡಬೇಕಾದ ಬೇರೆ ಕೆಲವು ಸಂಗತಿಗಳಿವೆ. ನಮ್ಮಲ್ಲಿ ಹೆಚ್ಚು ನಿರ್ಲಕ್ಷ್ಯ ನಡೆಯುವುದು ಇಲ್ಲೇ. ಈ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಥೈರಾಯ್ಡ್ ಕುಗ್ಗುತ್ತದೆ. ಥೈರಾಯ್ಡ್ ಕುಗ್ಗಿದರೆ ಮೈ ಜಡವಾಗುತ್ತದೆ, ಯೋಚನೆ ನಿಧಾನವಾಗುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ, ಅಗ್ಗದ ಮಾತ್ರೆಯಿಂದ ಸರಿಹೋಗುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದೂ ನೆನಪನ್ನು ಕುಂದಿಸುತ್ತದೆ. ಕೈನಡುಕ, ಮೈಬಿಗಿತ ಬಾರದಿರಲೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್, ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಪ್ಯಾಸಿಟೇನ್ ಎಂದೇ ಪರಿಚಿತವಾದ ಮಾತ್ರೆ, ನೆನಪಿಗೆ ತೊಂದರೆ ಕೊಡುವಂಥದ್ದು. ಒಮ್ಮೆ ಚೀಟಿಯಲ್ಲಿ ಸೇರಿದ್ದು, ಬೇಕೋ ಬೇಡವೋ ಎಂದು ಯಾರೂ ಮತ್ತೆ ನೋಡದೆ ವರ್ಷಗಟ್ಟಲೆ ಮುಂದುವರಿಯುವುದುಂಟು. ನಿದ್ದೆಗೆಂದು ಶುರುವಾದ ಮಾತ್ರೆಗಳ ಕಥೆಯೂ ಹೀಗೆಯೇ. ಕುಡಿತ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಪೂರ್ತಿ ಹೋಗದೆ ತಳದಲ್ಲಿ ಉಳಿದ ಖಿನ್ನತೆ, ಇವೆಲ್ಲ ಸೇರಿ ಒಂದೇ ಮಂಕಾಗಿ ಕಾಣುತ್ತವೆ. ಇವನ್ನು ಒಂದೊಂದಾಗಿ ಬಿಡಿಸಿ ನೋಡದೆ 'ಕಾಯಿಲೆಯೇ ಹಾಗೆ' ಎಂದು ಕೈಬಿಡುವುದು ಅನ್ಯಾಯ.

ಮಾತ್ರೆಯ ಮೇಲೆ ತಪ್ಪು ಹೊರಿಸುವ ಮಾತಿಗೆ ಇಲ್ಲಿ ಉತ್ತರ ಕೊಡಲೇಬೇಕು. ಅಮೆರಿಕದ ಮನೋವಿಜ್ಞಾನಿ ಕೇ ರೆಡ್‌ಫೀಲ್ಡ್ ಜೇಮಿಸನ್ ಸ್ವತಃ ಬೈಪೋಲಾರ್ ಇರುವವರು. ಲಿಥಿಯಂನ ಪ್ರಮಾಣ ಹೆಚ್ಚಿದ್ದ ವರ್ಷಗಳಲ್ಲಿ ಪುಸ್ತಕ ಓದುವ ಶಕ್ತಿಯನ್ನೇ ಕಳೆದುಕೊಂಡಿದ್ದನ್ನೂ, ಪ್ರಮಾಣ ಇಳಿಸಿದ ಮೇಲೆ ಅದು ಮರಳಿದ್ದನ್ನೂ ಅವರು 1995ರ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಲಿಥಿಯಂ ತನ್ನ ಜೀವ ಉಳಿಸಿತು ಎಂದು ಅದೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಎರಡೂ ನಿಜ. ಉನ್ಮಾದ, ಖಿನ್ನತೆಗಳು ಮರುಕಳಿಸಿದಷ್ಟೂ ಯೋಚನಾಶಕ್ತಿಗೆ ಪೆಟ್ಟು ಹೆಚ್ಚು ಎಂಬ ಸೂಚನೆಗಳು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಸಿಕ್ಕಿವೆ. ಮೊದಲ ಉನ್ಮಾದದ ನಂತರ ರೋಗಿಗಳನ್ನು ಒಂದು ವರ್ಷ ಗಮನಿಸಿದ ಕೆನಡಾದ ವ್ಯಾಂಕೂವರ್ ಸಂಶೋಧಕರು, ಮತ್ತೆ ಕಾಯಿಲೆ ಮರುಕಳಿಸದೆ ಇದ್ದವರ ಬುದ್ಧಿಶಕ್ತಿ ಸುಧಾರಿಸಿದ್ದನ್ನು ಕಂಡರು. ಹಾಗಿರುವಾಗ ನೆನಪಿಗಾಗಿ ಮಾತ್ರೆ ಬಿಡುವುದು ನೆನಪನ್ನೇ ಪಣಕ್ಕಿಟ್ಟಂತೆ. ಮಾತ್ರೆ ಬಿಡುವುದಕ್ಕೂ, ಪ್ರಮಾಣ ಮತ್ತು ಹೊತ್ತಿನ ಬಗ್ಗೆ ವೈದ್ಯರ ಜೊತೆ ಚೌಕಾಸಿ ಮಾಡುವುದಕ್ಕೂ ಬಹಳ ಅಂತರವಿದೆ. ಎರಡನೆಯದು ರೋಗಿಯ ಹಕ್ಕು.

ಇನ್ನು ಅಭ್ಯಾಸದ ವಿಚಾರ. ಇದಕ್ಕೆ ದುಬಾರಿ ಕಂಪ್ಯೂಟರ್ ಬೇಕೆಂದೇನಿಲ್ಲ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ತಲೆಗೆ ಪೆಟ್ಟು ಬಿದ್ದವರಿಗೆ ಯೋಚನಾಶಕ್ತಿಯ ಮರುತರಬೇತಿ ಕೊಡುತ್ತ ಬಂದ ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನ ವಿಭಾಗ, ಮನೆಯಲ್ಲೇ ಮಾಡಬಹುದಾದ ಕ್ರಮವೊಂದನ್ನು ಸ್ಕಿಜೋಫ್ರೇನಿಯಾದ ಮೊದಲ ಹಂತದಲ್ಲಿರುವವರ ಮೇಲೂ ಪ್ರಯೋಗಿಸಿತು. ಶಾಂತಲಾ ಹೆಗ್ಡೆ ಮತ್ತು ಸಹೋದ್ಯೋಗಿಗಳ ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಚಟುವಟಿಕೆಗಳಲ್ಲಿ ಒಂದು, ಬೆರೆಸಿಟ್ಟ ಧಾನ್ಯಗಳನ್ನು ಬೇರ್ಪಡಿಸುವುದು. ಇನ್ನೊಂದು, ಅಕ್ಷರಗಳು ತುಂಬಿದ ಹಾಳೆಯಲ್ಲಿ ಹೇಳಿದ ಅಕ್ಷರವನ್ನಷ್ಟೇ ಹುಡುಕಿ ಹೊಡೆದುಹಾಕುವುದು. ಮತ್ತೊಂದು, ಮನಸ್ಸಿನಲ್ಲೇ ಲೆಕ್ಕ ಮಾಡುವುದು. ಅಡುಗೆಮನೆಯಲ್ಲಿ ಅಜ್ಜಿಯರು ಮೊರದ ಮುಂದೆ ಕೂತು ಮಾಡುತ್ತಿದ್ದ ಕೆಲಸ ಇದು ಎಂದು ನಗುವವರಿರಬಹುದು. ಮಾಡಿ ನೋಡಿದರೆ ಗೊತ್ತಾಗುತ್ತದೆ. ತಟ್ಟೆಯಲ್ಲಿ ಹೆಸರುಕಾಳು ಮತ್ತು ಕಡಲೆ ಇದ್ದಾಗ ಸುಲಭ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡು ಕಾಳು ಸೇರಿದಾಗ ಕೈ ನಿಧಾನಿಸುತ್ತದೆ, ಗಮನ ಒಂದು ಗಳಿಗೆ ಜಾರಿದರೂ ಕಾಳು ತಪ್ಪು ಬಟ್ಟಲಿಗೆ ಬೀಳುತ್ತದೆ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಪಕ್ಕದಲ್ಲಿ ಕೂತವರು ಬರೆದಿಡಬಹುದು. ವಾರ ಕಳೆದಂತೆ ಆ ಅಂಕಿಗಳು ಇಳಿಯುವುದನ್ನು ರೋಗಿಯೇ ನೋಡಬಹುದು. ತನ್ನ ತಲೆಯ ಮೇಲೆ ನಂಬಿಕೆ ಕಳೆದುಕೊಂಡವರಿಗೆ ಆ ಕಾಗದ ಕೊಡುವ ಧೈರ್ಯವನ್ನು ನಾನು ಸಣ್ಣದೆಂದು ಎಣಿಸಲಾರೆ.

ಆದರೆ ಕಾಳು ಬೇರ್ಪಡಿಸುವುದರಲ್ಲಿ ಪಳಗಿದವರು ಬ್ಯಾಂಕಿನ ಕೆಲಸದಲ್ಲೂ ಪಳಗುತ್ತಾರೆಯೇ? ಇಡೀ ಚರ್ಚೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಮೊಬೈಲಿನ ಮೆದುಳಿನ ಆಟಗಳ ಜಾಹೀರಾತು ಹೌದು ಎನ್ನುತ್ತದೆ. ಅನುಭವ ಹಾಗೆ ಹೇಳುವುದಿಲ್ಲ. ಆಟವಾಡಿದವರು ಆ ಆಟದಲ್ಲಿ ಜಾಣರಾಗುತ್ತಾರೆ. ಆ ಜಾಣತನ ಬದುಕಿಗೆ ದಾಟಬೇಕಾದರೆ ಯಾರಾದರೂ ಸೇತುವೆ ಕಟ್ಟಿಕೊಡಬೇಕು.

ಸ್ಪೇನಿನಲ್ಲಿ ಬಾರ್ಸಿಲೋನಾದ ಎಡ್ವರ್ಡ್ ವಿಯೆಟಾ ಅವರ ತಂಡ ಮಾಡಿದ್ದು ಸೇತುವೆ ಕಟ್ಟುವ ಕೆಲಸ. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 10 ಆಸ್ಪತ್ರೆಗಳ 239 ಬೈಪೋಲಾರ್ ರೋಗಿಗಳಿದ್ದರು. ಒಂದು ಗುಂಪಿಗೆ ವಾರಕ್ಕೊಮ್ಮೆ 90 ನಿಮಿಷದಂತೆ 21 ವಾರ ತರಬೇತಿ. ಅಲ್ಲಿ ಕಲಿಸಿದ್ದು ಓದಿದ್ದನ್ನು ನೆನಪಿಡುವುದು, ಪಟ್ಟಿ ಮಾಡಿಕೊಳ್ಳುವುದು, ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ನಿರ್ಧರಿಸುವುದು. ಎರಡನೆಯ ಗುಂಪಿಗೆ ಕಾಯಿಲೆಯ ಬಗ್ಗೆ ತಿಳಿವಳಿಕೆ ಕೊಟ್ಟರು, ಮೂರನೆಯದಕ್ಕೆ ಎಂದಿನ ಚಿಕಿತ್ಸೆ. ತರಬೇತಿ ಪಡೆದವರು ಕೆಲಸ, ಸಂಬಂಧ, ದಿನಚರಿಗಳಲ್ಲಿ ಎಂದಿನ ಚಿಕಿತ್ಸೆಯವರಿಗಿಂತ ಚೆನ್ನಾಗಿ ಸುಧಾರಿಸಿದರು. ಆದರೆ ಬುದ್ಧಿಶಕ್ತಿಯ ಪರೀಕ್ಷೆಗಳ ಅಂಕಗಳಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಿಳಿವಳಿಕೆಯ ಗುಂಪಿಗಿಂತ ತರಬೇತಿಯ ಗುಂಪು ಸ್ಪಷ್ಟವಾಗಿ ಮೇಲು ಎಂದೂ ಸಾಬೀತಾಗಲಿಲ್ಲ.

ಟೀಕಾಕಾರರು ಇದನ್ನು ಸೋಲು ಎನ್ನಬಹುದು. ಅಂಕ ಏರದಿದ್ದರೆ ಮೆದುಳು ಸುಧಾರಿಸಿಲ್ಲ, ಮತ್ತೇಕೆ ಇಷ್ಟು ಖರ್ಚು ಎಂದು ಕೇಳಬಹುದು. ನನಗೆ ಇದು ಬೇರೆ ಥರ ಕಾಣುತ್ತದೆ. ಮನುಷ್ಯ ತನ್ನ ತಲೆಯೊಂದರಿಂದಲೇ ನೆನಪಿಡುವುದಿಲ್ಲ. ಗೋಡೆಯ ಕ್ಯಾಲೆಂಡರ್, ಫೋನಿನ ಅಲಾರಂ, ಜೇಬಿನ ಚೀಟಿ, ಬೆಳಿಗ್ಗೆ ಜ್ಞಾಪಿಸುವ ಹೆಂಡತಿ, ಎಲ್ಲವೂ ನೆನಪಿನ ಭಾಗ. ಸ್ಪೇನಿನವರು ಗಟ್ಟಿ ಮಾಡಿದ್ದು ಆ ಇಡೀ ವ್ಯವಸ್ಥೆಯನ್ನು. ಪರೀಕ್ಷೆಯ ಕೋಣೆಯಲ್ಲಿ ಆ ವ್ಯವಸ್ಥೆಯನ್ನೆಲ್ಲ ಹೊರಗಿಟ್ಟು ತಲೆಯನ್ನು ಮಾತ್ರ ಅಳೆಯುತ್ತಾರೆ, ಹಾಗಾಗಿ ಅಂಕ ಏರಲಿಲ್ಲ. ಹೊರಗೆ ಬದುಕು ಸುಧಾರಿಸಿತು.

ಇದನ್ನು ಒಪ್ಪಿದರೆ, ನೆನಪಿನ ಆರೈಕೆ ರೋಗಿಯ ಹೊಣೆಯಷ್ಟೇ ಆಗಿ ಉಳಿಯುವುದಿಲ್ಲ. ಅವನ ಸುತ್ತಲಿನ ದಿನಚರಿ ಹೇಗಿದೆ ಎಂಬ ಪ್ರಶ್ನೆ ಬರುತ್ತದೆ, ಆಗ ಬೆಂಗಳೂರಿನ ಪೂರ್ವಭಾಗದ ಕಥೆಯೂ ಬರುತ್ತದೆ. ಈ ಕಡೆ ಬದುಕು ಒಂದು ಕಾಲಕ್ಕೆ ಕಾರ್ಖಾನೆಯ ಸೈರನ್‌ಗೆ ಹೊಂದಿಕೊಂಡಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1965ರಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಏಳುವ ಹೊತ್ತು, ಬಸ್ಸಿನ ಹೊತ್ತು, ಊಟದ ಹೊತ್ತು, ಮಾಡುವ ಕೆಲಸ ಎಲ್ಲವೂ ಗೊತ್ತಿದ್ದದ್ದೇ. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ಈಗ ಹಳೆ ಮದ್ರಾಸು ರಸ್ತೆಯ ಉದ್ದಕ್ಕೂ ಟೆಕ್ ಪಾರ್ಕ್‌ಗಳು. ವಾರಕ್ಕೊಂದು ಪಾಳಿ, ನಡುರಾತ್ರಿಯ ಕ್ಯಾಬು, ಮೆಟ್ರೊ ನಿಲ್ದಾಣದ ಹೊರಗೆ ಮುಂದಿನ ಆರ್ಡರಿಗೆ ಫೋನು ನೋಡುತ್ತ ನಿಂತ ಡೆಲಿವರಿ ಹುಡುಗರು. ಹಳೆಯ ಕಾರ್ಖಾನೆಗಳಲ್ಲಿ ಮಾನಸಿಕ ಕಾಯಿಲೆಯವರನ್ನು ಎಲ್ಲರೂ ಅಕ್ಕರೆಯಿಂದ ಕಂಡರೆಂದು ನಾನು ಹೇಳುತ್ತಿಲ್ಲ. ಆದರೆ ಆ ದಿನಚರಿಗೆ ಒಂದು ಗುಣವಿತ್ತು. ಪಿಟ್ಸ್‌ಬರ್ಗ್‌ನ ಎಲೆನ್ ಫ್ರಾಂಕ್ ಬೈಪೋಲಾರ್ ಇರುವವರಿಗಾಗಿಯೇ ರೂಪಿಸಿದ ಚಿಕಿತ್ಸೆಯೊಂದರಲ್ಲಿ ರೋಗಿ ದಿನಕ್ಕೆ ಐದು ಹೊತ್ತುಗಳನ್ನು ಬರೆದಿಡಬೇಕು: ಹಾಸಿಗೆ ಬಿಟ್ಟದ್ದು, ಮೊದಲು ಇನ್ನೊಬ್ಬರ ಜೊತೆ ಮಾತಾಡಿದ್ದು, ಕೆಲಸ ಶುರುಮಾಡಿದ್ದು, ರಾತ್ರಿ ಊಟ, ಮಲಗಿದ್ದು. ಈ ಐದೂ ದಿನದಿನಕ್ಕೆ ಹೆಚ್ಚು ಏರುಪೇರಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆಯ ತಿರುಳು. ನಿದ್ದೆ ಕೆಟ್ಟರೆ ಉನ್ಮಾದ ಕೆರಳುವುದು ಇಂಥವರ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ರಾತ್ರಿಪಾಳಿಗೆ ಹಾಕಿಸಿಕೊಂಡ ನೌಕರನ ಮರೆವನ್ನು ಅವನ ಮೆದುಳಿನಲ್ಲಷ್ಟೇ ಹುಡುಕುವುದು ಹೇಗೆ ಸರಿ?

ಇದಕ್ಕೆ ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸೇವೆಯಲ್ಲಿರುವಾಗ ವೈಕಲ್ಯ ಬಂತೆಂದು ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಬೈಪೋಲಾರ್ ಇದ್ದ ಅಭ್ಯರ್ಥಿಯೊಬ್ಬರು ನ್ಯಾಯಾಂಗ ಸೇವೆಗೆ ಅಂಗವಿಕಲರ ಕೋಟಾದಡಿ ಅರ್ಹರು ಎಂದು ದೆಹಲಿ ಹೈಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಕಾಲಿಲ್ಲದವರಿಗೆ ಇಳಿಜಾರು ದಾರಿ ಕಟ್ಟಿಕೊಡುವುದು ಇಂದು ಎಲ್ಲರಿಗೂ ಅರ್ಥವಾಗುತ್ತದೆ. ನೆನಪು ಎಡವುವವರಿಗೆ ಬೇಕಾದದ್ದು ಅದಕ್ಕಿಂತ ಅಗ್ಗ: ಬಾಯಲ್ಲಿ ಹೇಳಿದ್ದನ್ನು ಎರಡು ಸಾಲು ಬರೆದು ಕೊಡುವುದು, ಖಾಯಂ ಹಗಲು ಪಾಳಿ, ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರ ಅರ್ಧ ಹೊತ್ತು. ಕೇಳಲು ನೌಕರರು ಹೆದರುತ್ತಾರೆ, ಏಕೆಂದರೆ ಕೇಳುವುದೆಂದರೆ ಕಾಯಿಲೆಯ ಹೆಸರು ಹೇಳುವುದು. ಆದ್ದರಿಂದ ಬರೆದು ಕೊಡುವಂಥ ಸೌಕರ್ಯಗಳು ಎಲ್ಲರಿಗೂ ಇರಲಿ, ಕಾಯಿಲೆಯವರು ಅದರ ನೆರಳಿನಲ್ಲಿ ತಮ್ಮ ಪಾಡಿಗೆ ಕೆಲಸ ಮಾಡಲಿ.

ಹಣವಿದ್ದವರು ಖಾಸಗಿ ಮನೋವಿಜ್ಞಾನಿಗಳ ಬಳಿ ಹೋಗುತ್ತಾರೆ. ಉಳಿದವರಿಗೆ ಸರ್ಕಾರವೇ ಗತಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವವರಲ್ಲಿ ಶೇ 70ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಮಾತ್ರೆಯೇ ತಲುಪದ ಕಡೆ ನೆನಪಿನ ತರಬೇತಿಯ ಮಾತೇಕೆ ಎಂಬ ಆಕ್ಷೇಪವನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಆದರೆ ಮಾತ್ರೆ ನುಂಗಿಯೂ ಕೆಲಸಕ್ಕೆ ಮರಳಲಾಗದವರು ಒಂದು ದಿನ ಮಾತ್ರೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ, ಮಾತ್ರೆ ಬಿಡುತ್ತಾರೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಲು ಆಗದು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಅಡಿಪಾಯ ಆಗಲೇ ಇದೆ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಚೇತರಿಸಿಕೊಳ್ಳುತ್ತಿರುವವರಿಗಾಗಿ ಮಾನಸಧಾರೆ ಎಂಬ ಹಗಲು ಆರೈಕೆ ಕೇಂದ್ರಗಳಿವೆ. ಸ್ಪೇನಿನವರ 21 ವಾರಗಳ ಪಾಠಕ್ರಮವನ್ನು ನಮ್ಮ ಬದುಕಿಗೆ ಒಗ್ಗಿಸಿ ಆ ಕೇಂದ್ರಗಳಲ್ಲಿ ನಡೆಸಬಹುದು. ಮನೋವಿಜ್ಞಾನಿಗಳು ಸಾಕಷ್ಟಿಲ್ಲದ ಕಡೆ ತರಬೇತಿ ಪಡೆದ ದಾದಿಯರು, ಸಮಾಜ ಕಾರ್ಯಕರ್ತರು ನಡೆಸಲಿ. ಅಭ್ಯಾಸದ ಹಾಳೆಗಳಲ್ಲಿ ಬಿಎಂಟಿಸಿ ಮಾರ್ಗಗಳಿರಲಿ, ಪಡಿತರ ಚೀಟಿಯ ತಿದ್ದುಪಡಿ ಅರ್ಜಿ ಇರಲಿ, ಸ್ವಸಹಾಯ ಸಂಘದ ಕಂತಿನ ಲೆಕ್ಕವಿರಲಿ, ಮಗುವಿನ ಶಾಲೆಯ ಡೈರಿ ಇರಲಿ. ಅವನ್ನು ಸಿದ್ಧಮಾಡುವ ಮೇಜಿನ ಸುತ್ತ ಈ ಕಾಯಿಲೆಯ ಜೊತೆ ಬದುಕುತ್ತಿರುವವರೂ ಕೂತಿರಲಿ, ಏಕೆಂದರೆ ದಿನದ ಯಾವ ತಿರುವಿನಲ್ಲಿ ನೆನಪು ಕೈಬಿಡುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ತಾಯಿಯೋ ಹೆಂಡತಿಯೋ ಜೊತೆಗೆ ಬರಲು ಅಷ್ಟು ಅನುಕೂಲವಾಯಿತು. ಆದರೆ 21 ವಾರವೆಂದರೆ 21 ದಿನದ ಕೂಲಿ, ಅದೂ ಇಬ್ಬರದು. ಈ ತರಬೇತಿಗೆಂದು ಸರ್ಕಾರ ಹಣ ತೆಗೆದಿಡುವ ದಿನ, ಪುಸ್ತಕ ಕಂಪ್ಯೂಟರುಗಳ ಲೆಕ್ಕಕ್ಕಿಂತ ಮೊದಲು ಆ ಕೂಲಿಯ ಲೆಕ್ಕ ಬರೆಯಬೇಕು.